ಲಿನಕ್ಸ್, ವಿಂಡೋಸ್, ಮುಕ್ತ ತಂತ್ರಾಂಶ: ತುಮಕೂರಿನಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ, ಕಾಲೇಜು ಹುಡುಗರ ಮಾತಿನಲ್ಲಿ, ತಿಪಟೂರು ಮತ್ತು ಶಿರಾ ಕಡೆಯಿಂದ ಬರುವ ಪತ್ರಗಳಲ್ಲಿ ಕಂಪ್ಯೂಟರಿನ ಬಗ್ಗೆ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ಅವನ್ನು ಇಲ್ಲಿ ಮುಚ್ಚಿಟ್ಟಿಲ್ಲ. ದುಡ್ಡು ಕೊಟ್ಟು ತಂದ ಯಂತ್ರವೂ ಅದರಲ್ಲಿ ಬರೆದಿಟ್ಟ ಅಕ್ಷರವೂ ಮಾಲೀಕನ ವಶದಲ್ಲೇ ಇರಬೇಕು, ತಯಾರಕನ ಮರ್ಜಿಗೆ ಬಿದ್ದಿರಬಾರದು ಎಂಬುದು ನನ್ನ ನಂಬಿಕೆ. ಉಳಿದದ್ದೆಲ್ಲ ಅದರಿಂದ ಹುಟ್ಟಿದ್ದು.

## ಶುರು ಮಾಡುವವರು ಕೇಳುವುದು

ಆಪರೇಟಿಂಗ್ ಸಿಸ್ಟಂ ಎಂದರೆ ಏನು? ವಿಂಡೋಸ್ ಇಲ್ಲದೆ ಕಂಪ್ಯೂಟರ್ ನಡೆಯುತ್ತದೆಯೇ?

ನಡೆಯುತ್ತದೆ. ಕೀಲಿಮಣೆ, ಪರದೆ, ಮೆಮೊರಿ, ಡಿಸ್ಕ್ ಇವನ್ನೆಲ್ಲ ಯಾವ ತಂತ್ರಾಂಶ ಯಾವಾಗ ಎಷ್ಟು ಬಳಸಬೇಕು ಎಂದು ನಿರ್ಧರಿಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಅಂಥದ್ದೊಂದು, ಆಪಲ್‌ನ ಮ್ಯಾಕ್‌ಓಎಸ್ ಇನ್ನೊಂದು, ಲಿನಕ್ಸ್ ಮತ್ತೊಂದು. ಅಂಗಡಿಯಿಂದ ತಂದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮೊದಲೇ ಕೂತಿರುವುದರಿಂದ ಎರಡೂ ಒಂದೇ ವಸ್ತು ಎಂಬ ಭಾವನೆ ಬೆಳೆದುಬಿಟ್ಟಿದೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿ ಕೆಲಸ ಮಾಡುತ್ತಿರುವುದು ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸಿನ ತಿರುಳು. ಜಗತ್ತಿನ ಅತಿವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಈಚೆಗೆ ಲಿನಕ್ಸ್ ಬಿಟ್ಟು ಬೇರೆ ಯಾವುದೂ ಇಲ್ಲ. ವಿಂಡೋಸ್ ಬಹುಮತದಲ್ಲಿರುವುದು ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಮಾತ್ರ.

ಲಿನಕ್ಸ್ ಬಿಟ್ಟಿ ಸಿಗುತ್ತದೆಯಂತೆ. ಬಿಟ್ಟಿ ಕೊಡುವುದರಲ್ಲಿ ಏನೋ ಮರ್ಮ ಇರಬೇಕಲ್ಲವೇ?

ಈ ಅನುಮಾನ ಸಹಜ. ನಮ್ಮ ಜಿಲ್ಲೆಯವರು ಸಿದ್ಧಗಂಗಾ ಮಠದ ದಾಸೋಹವನ್ನು ಕಂಡವರು. ಅಲ್ಲಿ ಉಂಡವರಿಂದ ಯಾರೂ ದುಡ್ಡು ಕೇಳುವುದಿಲ್ಲ, ಆದರೆ ಊರೂರಿನ ರೈತರು ರಾಗಿ, ಅಕ್ಕಿ, ತೆಂಗಿನಕಾಯಿ ತಂದು ಹಾಕದೆ ಆ ಒಲೆ ಉರಿಯುವುದಿಲ್ಲ. ಲಿನಕ್ಸ್‌ಗೂ ಹೀಗೆ ತಂದು ಹಾಕುವವರಿದ್ದಾರೆ. ಕರ್ನಲ್‌ಗೆ ಬರುವ ಬದಲಾವಣೆಗಳಲ್ಲಿ ಹೆಚ್ಚಿನ ಪಾಲು ಇಂಟೆಲ್, ರೆಡ್ ಹ್ಯಾಟ್, ಗೂಗಲ್ ಮುಂತಾದ ಕಂಪನಿಗಳ ಸಂಬಳದಲ್ಲಿರುವ ಎಂಜಿನಿಯರುಗಳದ್ದು. ಅವರ ಸರ್ವರುಗಳೂ ಚಿಪ್ಪುಗಳೂ ಅದರ ಮೇಲೆ ನಡೆಯುತ್ತವೆ, ಆದ್ದರಿಂದ ಅದು ಚೆನ್ನಾಗಿರುವುದು ಅವರಿಗೂ ಬೇಕು. ಮರ್ಮ ಇಷ್ಟೇ.

ಆದರೆ ಬೆಲೆ ಇಲ್ಲದಿರುವುದು ಇದರ ಮುಖ್ಯ ಗುಣ ಅಲ್ಲ. ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಬಳಸುವ, ಒಳಗೆ ಏನಿದೆ ಎಂದು ಓದಿ ಬದಲಿಸುವ, ಪ್ರತಿ ಹಂಚುವ, ಬದಲಿಸಿದ್ದನ್ನೂ ಹಂಚುವ ಹಕ್ಕು ಪರವಾನಗಿಯ ಮೂಲಕವೇ ನಿಮ್ಮ ಕೈಗೆ ಬಂದಿರುತ್ತದೆ. ಮುಕ್ತ ತಂತ್ರಾಂಶ ಎಂದರೆ ಇದೇ. ಫೇಸ್‌ಬುಕ್ ಕೂಡ ಬಿಟ್ಟಿ. ಅದರಲ್ಲಿ ಈ ಹಕ್ಕುಗಳಲ್ಲಿ ಒಂದೂ ಇಲ್ಲ.

ಇದನ್ನೆಲ್ಲ ಮೊದಲು ಮಾಡಿದವರು ಯಾರು?

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಜೊತೆಗಾರರು ಯೂನಿಕ್ಸ್ ಶುರು ಮಾಡಿದರು. ಇಂದಿನ ಲಿನಕ್ಸ್, ಮ್ಯಾಕ್‌ಓಎಸ್, ಆಂಡ್ರಾಯ್ಡ್ ಎಲ್ಲವೂ ಆ ಯೋಚನೆಯ ಸಂತಾನ. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ಅಲ್ಲಿನ ಲೇಸರ್ ಪ್ರಿಂಟರಿನ ತಂತ್ರಾಂಶವನ್ನು ಸರಿಪಡಿಸಬೇಕಿತ್ತು. ಅದರ ಮೂಲ ಸಂಕೇತ, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಬರಹ, ಇದ್ದವರು ಕೊಡಲು ಒಪ್ಪಲಿಲ್ಲ. ಬಳಸುವವನಿಗೆ ರಿಪೇರಿಯ ಹಕ್ಕೇ ಇಲ್ಲ ಎಂಬುದು ಅವರನ್ನು ಕೆಣಕಿತು. 1983ರಲ್ಲಿ ಅವರು ಯೂನಿಕ್ಸ್ ಮಾದರಿಯ ಮುಕ್ತ ವ್ಯವಸ್ಥೆಯೊಂದನ್ನು ಕಟ್ಟುವ ಗ್ನು ಯೋಜನೆ ಘೋಷಿಸಿದರು. 1991ರ ಆಗಸ್ಟಿನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾವು ಬರೆಯುತ್ತಿದ್ದ ಕರ್ನಲ್ ಬಗ್ಗೆ ಪ್ರಕಟಿಸಿದರು. ಗ್ನು ಸಲಕರಣೆಗಳೂ ಈ ಕರ್ನಲ್ಲೂ ಕೂಡಿದಾಗ ಪೂರ್ತಿ ವ್ಯವಸ್ಥೆ ಸಿಕ್ಕಿತು.

ವಿಂಡೋಸ್ 10ರ ಕಾಲ ಮುಗಿಯಿತಂತೆ. ಅಂಗಡಿಯವರು ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಿ ಎನ್ನುತ್ತಾರೆ. ಹಳೆಯದನ್ನು ಗುಜರಿಗೆ ಹಾಕಲೇ?

ದಯವಿಟ್ಟು ಹಾಕಬೇಡಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ತಿದ್ದುಪಡಿ ಕೊಡುತ್ತೇನೆ ಎಂದಿತು, ಅಷ್ಟೇ. ವಿಂಡೋಸ್ 11 ಹಾಕಿಕೊಳ್ಳಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಯಂತ್ರದಲ್ಲಿರಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್ ಬೇಕು. 2016ರಲ್ಲಿ ಕೊಂಡು ಇವತ್ತಿಗೂ ಗಟ್ಟಿಯಾಗಿ ಓಡುತ್ತಿರುವ ಯಂತ್ರಗಳು ಹೀಗೆ ಒಂದು ಷರತ್ತಿನಿಂದ ಹಳೆಯವಾದವು. ಅವುಗಳ ಯಾವ ಬಿಡಿಭಾಗವೂ ಸವೆದಿಲ್ಲ. ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯ ಇದು. ಮಗಳ ಓದಿಗೆಂದು ಸಾಲ ಮಾಡಿ ಲ್ಯಾಪ್‌ಟಾಪ್ ತಂದ ತಂದೆಗೆ ಯಂತ್ರ ಕೆಡುವ ಮೊದಲೇ ಅದು ಸತ್ತಿದೆ ಎಂದು ಹೇಳುವ ಅಧಿಕಾರ ಯಾರಿಗೂ ಇರಬಾರದು.

ಮಾಡಬೇಕಾದದ್ದು ಸರಳ. ಒಳಗೆ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಮೆಮೊರಿ 4 ಜಿಬಿ ಇದ್ದರೆ 8ಕ್ಕೆ ಏರಿಸಿ. ನಂತರ ಲಿನಕ್ಸ್ ಮಿಂಟ್ ಹಾಕಿ. ಹೊಸ ಲ್ಯಾಪ್‌ಟಾಪಿನ ಬೆಲೆಯ ಮುಂದೆ ಈ ಖರ್ಚು ಸಣ್ಣದು, ಯಂತ್ರ ಇನ್ನೂ ಹಲವು ವರ್ಷ ದುಡಿಯುತ್ತದೆ.

ನೂರೆಂಟು ಲಿನಕ್ಸ್‌ಗಳಿವೆ. ಯಾವುದನ್ನು ಹಾಕಿಕೊಳ್ಳಲಿ?

ಮೊದಲ ಸಲವಾದರೆ ಲಿನಕ್ಸ್ ಮಿಂಟ್. ವಿಂಡೋಸ್ ಬಳಸಿದವರಿಗೆ ಅದರ ಮೆನು, ಕೆಳಗಿನ ಪಟ್ಟಿ, ಕಿಟಕಿಗಳು ಅಪರಿಚಿತ ಎನಿಸುವುದಿಲ್ಲ. ಯಂತ್ರ ತೀರ ಹಳೆಯದಾದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಹೊಸ ಯಂತ್ರಾಂಶ ಇದ್ದರೆ ಫೆಡೋರಾ ಅಥವಾ ಉಬುಂಟು. ಒಂದು ಸಲ ಹಾಕಿ ವರ್ಷಗಟ್ಟಲೆ ಮುಟ್ಟದೆ ಬಿಡಬೇಕೆಂದರೆ ಡೆಬಿಯನ್. ಆರ್ಚ್ ಲಿನಕ್ಸ್ ಒಳ್ಳೆಯ ಪಾಠಶಾಲೆ, ಆದರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಬೇಕಾದ ಯಂತ್ರದಲ್ಲಿ ಮೊದಲ ಪ್ರಯೋಗ ಬೇಡ. ಬೆಂಗಳೂರಿನ ಗೆಳೆಯರು ಹೇಳಿದರೆಂದು ವಾರಕ್ಕೊಂದು ಡಿಸ್ಟ್ರೋ (ಲಿನಕ್ಸಿನ ಇಂಥ ಒಂದೊಂದು ಆವೃತ್ತಿ) ಬದಲಿಸುವವರನ್ನು ನೋಡಿದ್ದೇನೆ. ಎಲ್ಲದರ ಒಳಗೂ ಇರುವುದು ಹೆಚ್ಚುಕಡಿಮೆ ಒಂದೇ ಸಾಮಗ್ರಿ. ಒಂದರಲ್ಲಿ ಆರು ತಿಂಗಳು ಕೂತರೆ ಹತ್ತನ್ನು ರುಚಿ ನೋಡುವುದಕ್ಕಿಂತ ಹೆಚ್ಚು ಕಲಿಯುತ್ತೀರಿ.

ಹಾಕುವಾಗ ನನ್ನ ಫೋಟೋ, ಕಡತಗಳೆಲ್ಲ ಅಳಿಸಿಹೋಗುತ್ತವೆಯೇ?

ಇಡೀ ಡಿಸ್ಕ್ ಅಳಿಸುವ ಆಯ್ಕೆ ಒತ್ತಿದರೆ ಹೋಗುತ್ತವೆ. ಆದ್ದರಿಂದ ಮೊದಲು ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ಆ ಪ್ರತಿ ತೆರೆಯುತ್ತದೆಯೇ ಎಂದು ಬೇರೆ ಕಂಪ್ಯೂಟರಿನಲ್ಲಿ ನೋಡಿ, ಆಮೇಲೆ ಮುಂದುವರಿಯಿರಿ. ಅದಕ್ಕೂ ಮುಂಚೆ ಲೈವ್ ವಿಧಾನದಲ್ಲಿ ಪರೀಕ್ಷಿಸಿ: ಪೆನ್‌ಡ್ರೈವಿನಿಂದ ಯಂತ್ರ ಶುರು ಮಾಡಿದರೆ ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ಪೂರ್ತಿ ತೆರೆದುಕೊಳ್ಳುತ್ತದೆ. ವೈಫೈ, ಶಬ್ದ, ಕ್ಯಾಮೆರಾ, ಪರದೆಯ ಬೆಳಕು ಎಲ್ಲ ಅಲ್ಲಿಯೇ ನೋಡಿಕೊಳ್ಳಬಹುದು. ಹಿಡಿಸದಿದ್ದರೆ ಪೆನ್‌ಡ್ರೈವ್ ಕಿತ್ತರೆ ಮುಗಿಯಿತು.

## ದಿನದ ಕೆಲಸಕ್ಕೆ ಸಂಬಂಧಿಸಿದ್ದು

ಇಪ್ಪತ್ತು ವರ್ಷದ ಹಿಂದೆ ನುಡಿಯಲ್ಲಿ ಟೈಪ್ ಮಾಡಿದ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಲಿನಕ್ಸ್ ಹಾಕಿದ್ದಕ್ಕೆ ಹೀಗಾಯಿತೇ?

ಲಿನಕ್ಸ್ ಇದಕ್ಕೆ ಹೊಣೆಯಲ್ಲ. ಹೊಸ ವಿಂಡೋಸ್‌ನಲ್ಲಿ ತೆರೆದರೂ ಹೀಗೇ ಕಾಣುತ್ತದೆ. ಜಿಲ್ಲೆಯ ಪ್ರತಿ ಡಿಟಿಪಿ ಅಂಗಡಿಯಲ್ಲೂ, ಅನೇಕ ಲೇಖಕರ ಮನೆಯಲ್ಲೂ ಈ ಕಷ್ಟ ಇದೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶಗಳ ಆ ಕಾಲದ ಫಾಂಟುಗಳು ಕನ್ನಡ ಅಕ್ಷರದ ತುಂಡುಗಳನ್ನು ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಿದ್ದವು. ಕಡತದೊಳಗೆ ನಿಜವಾಗಿ ದಾಖಲಾದದ್ದು ಲ್ಯಾಟಿನ್ ಚಿಹ್ನೆಗಳೇ; ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ 'ಕನ್ನಡ' ಎಂಬ ಮೂರಕ್ಷರದ ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣುವುದು ಇದಕ್ಕೇ. ಬೇರೆ ಬೇರೆ ತಯಾರಕರ ಫಾಂಟುಗಳಲ್ಲಿ ಈ ಸ್ಥಾನಗಳೂ ಬೇರೆ ಬೇರೆ ಇದ್ದವು. ಆದ್ದರಿಂದ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ. ಹುಡುಕಾಟ, ಅಕಾರಾದಿ ಜೋಡಣೆ, ಕಾಗುಣಿತ ಪರೀಕ್ಷೆ ಯಾವುದೂ ಸಾಮಾನ್ಯ ತಂತ್ರಾಂಶಗಳಲ್ಲಿ ಸರಿಯಾಗಿ ನಡೆಯುತ್ತಿರಲಿಲ್ಲ.

ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೇ ಸಂಖ್ಯಾ ಪಟ್ಟಿ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದರಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಇತ್ತು. ಅದು ಮುಕ್ತ ಮಾನಕ: ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಅದಕ್ಕೆ ತಕ್ಕಂತೆ ಫಾಂಟ್ ಮಾಡಬಹುದು. ಆದರೂ ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ವರ್ಷಾನುಗಟ್ಟಲೆ ಹಳೆಯ ಫಾಂಟುಗಳಲ್ಲೇ ಬರೆಯುತ್ತಾ ಹೋದವು. ನುಡಿ, ಬರಹ ಎರಡೂ ಯೂನಿಕೋಡ್ ಕೊಟ್ಟ ಮೇಲೂ ಅಭ್ಯಾಸ ಬದಲಾಗಲಿಲ್ಲ. ಈಗ ಸಾಹಿತ್ಯ, ನಡಾವಳಿ, ವಂಶಾವಳಿ, ಪತ್ರವ್ಯವಹಾರ ಎಷ್ಟೋ ಆ ವೇಷದಲ್ಲೇ ಸಿಕ್ಕಿಬಿದ್ದಿವೆ. ಮುಕ್ತ ಮಾನಕ ಎಂಬುದು ಸಿದ್ಧಾಂತಿಗಳ ಹಟ ಎನ್ನುವವರಿಗೆ ನಾನು ಈ ಕಡತಗಳನ್ನೇ ತೋರಿಸುತ್ತೇನೆ.

ಪರಿಹಾರ ಇದೆ. ನುಡಿ ಮತ್ತು ಬರಹದ ಹಳೆಯ ಸಂಕೇತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಅವುಗಳಲ್ಲಿ ಕೆಲವು ಮುಕ್ತ ತಂತ್ರಾಂಶ. ಮೂಲ ಕಡತದ ಪ್ರತಿ ಇಟ್ಟುಕೊಂಡು ಪರಿವರ್ತಿಸಿ. ನಡುವೆ ಬರುವ ಇಂಗ್ಲಿಷ್ ಪದಗಳು, ಅಂಕಿಗಳು, ಅರ್ಕಾವತ್ತು ಈ ಮೂರು ಕಡೆ ತಪ್ಪು ಹೆಚ್ಚು. ಕಣ್ಣಿಟ್ಟು ಓದಿ ತಿದ್ದಿ. ಯಾವ ಫಾಂಟಿನಲ್ಲಿ ಬರೆದದ್ದು ಎಂಬ ನೆನಪು ಇರುವವರು ಇನ್ನೂ ಅಂಗಡಿಯಲ್ಲಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ.

ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಏನು ಹಾಕಬೇಕು? ನನಗೆ ನುಡಿ ಕೀಲಿಮಣೆಯೇ ಅಭ್ಯಾಸ.

ಅದೇ ವಿನ್ಯಾಸ ಸಿಗುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಕನ್ನಡದ ಅಡಿ ಇದೆ. ಇನ್‌ಸ್ಕ್ರಿಪ್ಟ್ ಕೂಡ ಅಲ್ಲೇ ಇದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕನ್ನಡ ಪಡೆಯುವ ಅಭ್ಯಾಸವಿದ್ದರೆ ಐಬಸ್ ಎಂಬ ವ್ಯವಸ್ಥೆಗೆ ಎಂ17ಎನ್ ಜೋಡಣೆ ಸೇರಿಸಿಕೊಳ್ಳಿ. ಫಾಂಟುಗಳಿಗೆ ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಇವೆ, ಎಲ್ಲವೂ ಮುಕ್ತ. ಜಾಲತಾಣ ನೋಡುವ ಫೈರ್‌ಫಾಕ್ಸ್ ಮತ್ತು ಪತ್ರ, ಲೆಕ್ಕದ ಹಾಳೆ ಬರೆಯುವ ಲಿಬ್ರೆಆಫೀಸ್‌ಗಳನ್ನು ಕನ್ನಡದ ಮೆನುಗಳೊಂದಿಗೇ ಬಳಸಬಹುದು.

ಅಂಗಡಿ ಲೆಕ್ಕಕ್ಕೆ ಟ್ಯಾಲಿ ಬೇಕೇ ಬೇಕು. ಲಿನಕ್ಸ್‌ನಲ್ಲಿ ನಡೆಯುತ್ತದೆಯೇ?

ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶ. ತಿಪಟೂರಿನ ಕೊಬ್ಬರಿ ವರ್ತಕರೊಬ್ಬರು ಕೇಳಿದಾಗ ನಾನು ಹೇಳಿದ್ದು: ಲೆಕ್ಕದ ಕಂಪ್ಯೂಟರನ್ನು ವಿಂಡೋಸ್‌ನಲ್ಲೇ ಬಿಡಿ, ಉಳಿದವನ್ನು ಬದಲಿಸಿ. ಲೆಕ್ಕಿಗರು, ತೆರಿಗೆ ಸಲಹೆಗಾರರು, ಗುಮಾಸ್ತರು ಎಲ್ಲರೂ ಒಂದೇ ತಂತ್ರಾಂಶಕ್ಕೆ ಒಗ್ಗಿರುವಾಗ ಒಬ್ಬರು ಮಾತ್ರ ಹೊರಬಂದರೆ ಜಿಎಸ್‌ಟಿ ಸಲ್ಲಿಸುವ ದಿನ ಒದ್ದಾಡಬೇಕಾಗುತ್ತದೆ. ಹೊಸದಾಗಿ ವ್ಯವಹಾರ ಶುರು ಮಾಡುವವರ ಮಾತು ಬೇರೆ. ಅವರು ಮುಂಬೈನ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ನೋಡಬೇಕು: ನಮ್ಮ ದೇಶದಲ್ಲೇ ಹುಟ್ಟಿದ ಮುಕ್ತ ತಂತ್ರಾಂಶ, ಜಿಎಸ್‌ಟಿಗೆ ಬೇಕಾದ ಜೋಡಣೆಯೂ ಇದೆ.

ನನ್ನ ಪ್ರಿಂಟರ್ ಕೆಲಸ ಮಾಡುತ್ತದೆಯೇ?

ಹೊಸ ನೆಟ್‌ವರ್ಕ್ ಪ್ರಿಂಟರುಗಳಲ್ಲಿ ಬಹುಪಾಲು ಡ್ರೈವರ್ ಇಲ್ಲದೆಯೇ ಕೆಲಸ ಮಾಡುತ್ತವೆ, ಏಕೆಂದರೆ ಅವು ಐಪಿಪಿ ಎಂಬ ಮುಕ್ತ ಮಾನಕವನ್ನು ಪಾಲಿಸುತ್ತವೆ. ಎಚ್‌ಪಿ ತನ್ನ ಪ್ರಿಂಟರುಗಳಿಗೆ ಲಿನಕ್ಸ್ ತಂತ್ರಾಂಶವನ್ನು ತಾನೇ ಕೊಡುತ್ತದೆ. ತೊಂದರೆ ಬರುವುದು ಜೆರಾಕ್ಸ್ ಅಂಗಡಿಗಳಲ್ಲಿರುವ ಹಳೆಯ ಅಗ್ಗದ ಲೇಸರ್ ಯಂತ್ರಗಳಲ್ಲಿ. ಅವುಗಳ ಭಾಷೆ ತಯಾರಕರಿಗೆ ಮಾತ್ರ ಗೊತ್ತು. ಕೊಳ್ಳುವ ಮೊದಲು ಮಾದರಿಯ ಹೆಸರನ್ನು ಲಿನಕ್ಸ್ ಎಂಬ ಪದದ ಜೊತೆ ಹುಡುಕಿ ನೋಡಿ.

ಆಫೀಸಿನಿಂದ ವರ್ಡ್, ಎಕ್ಸೆಲ್ ಕಡತ ಬರುತ್ತವೆ. ಲಿಬ್ರೆಆಫೀಸ್‌ನಲ್ಲಿ ಸರಿಯಾಗಿ ತೆರೆಯುತ್ತವೆಯೇ?

ಪತ್ರ, ಪಟ್ಟಿ, ಸರಳ ಲೆಕ್ಕದ ಹಾಳೆಗಳು ತೊಂದರೆಯಿಲ್ಲದೆ ತೆರೆಯುತ್ತವೆ. ಮ್ಯಾಕ್ರೋ ತುಂಬಿದ ಎಕ್ಸೆಲ್ ಹಾಳೆಗಳೂ ಚಿತ್ರಗಳನ್ನು ಹೆಣೆದ ಪುಟಗಳೂ ಕದಲುತ್ತವೆ. ಅನೇಕ ಸಲ ಕಾರಣ ಫಾಂಟ್ ಇಲ್ಲದಿರುವುದು. ನಿಮ್ಮ ಸ್ವಂತ ಬರಹವನ್ನು ಓಡಿಎಫ್ ಎಂಬ ಮುಕ್ತ ಕಡತ ರೂಪದಲ್ಲಿ ಉಳಿಸಿ. ಅದು 2006ರಲ್ಲೇ ಐಎಸ್‌ಒ ಮಾನಕವಾಯಿತು. ಹೊರಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ.

ಕ್ರ್ಯಾಕ್ ಮಾಡಿದ ವಿಂಡೋಸ್, ಕ್ರ್ಯಾಕ್ ಮಾಡಿದ ಫೋಟೋಶಾಪ್ ಎಲ್ಲರೂ ಬಳಸುತ್ತಾರೆ. ತಪ್ಪೇನು?

ತಪ್ಪು ಎರಡು. ಕ್ರ್ಯಾಕ್ ಕೆಲಸ ಮಾಡಲು ಮೊದಲು ಆಂಟಿವೈರಸ್ ಆರಿಸಿ ಎನ್ನುತ್ತದೆ, ಆಮೇಲೆ ಯಂತ್ರದ ಸರ್ವಾಧಿಕಾರವನ್ನು ಗುರುತು ಪರಿಚಯವಿಲ್ಲದವರಿಗೆ ಕೊಡುತ್ತದೆ. ಅದೇ ಯಂತ್ರದಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹೊಡೆಯುತ್ತೀರಿ. ಎರಡನೆಯದು ಕಾನೂನಿನ ಮಾತು, ಅದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಇದಕ್ಕಿಂತ ಹೆಚ್ಚು ನೋವು ಕೊಡುವುದು ಬೇರೆ. ಕದ್ದ ಪ್ರತಿಯಲ್ಲಿ ಕಲಿತ ಹುಡುಗ ಮುಂದೆ ಅಂಗಡಿ ತೆರೆದಾಗ ಅದೇ ತಂತ್ರಾಂಶಕ್ಕೆ ಕಟ್ಟುಬೀಳುತ್ತಾನೆ. ಚಿತ್ರ ತಿದ್ದಲು ಗಿಂಪ್, ಅದರ 3.0 ಆವೃತ್ತಿ 2025ರಲ್ಲಿ ಬಂದಿದೆ. ರೇಖಾಚಿತ್ರ ಮತ್ತು ಲಾಂಛನಕ್ಕೆ ಇಂಕ್‌ಸ್ಕೇಪ್, ಕೈಯಿಂದ ಬಿಡಿಸಲು ಕ್ರಿಟಾ, ಲಗ್ನಪತ್ರಿಕೆ ಮತ್ತು ಪುಸ್ತಕದ ಪುಟಕ್ಕೆ ಸ್ಕ್ರೈಬಸ್. 2024ರ ಸ್ಕ್ರೈಬಸ್ 1.6ರಲ್ಲಿ ಭಾರತೀಯ ಲಿಪಿಗಳ ಒತ್ತಕ್ಷರಗಳು ಸರಿಯಾಗಿ ಜೋಡಣೆಯಾಗುತ್ತವೆ. ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ನಿರ್ವಹಣೆಯಲ್ಲಿ ಗಿಂಪ್ ಇನ್ನೂ ಫೋಟೋಶಾಪ್‌ಗೆ ಸಮವಲ್ಲ ಎಂಬುದನ್ನು ಒಪ್ಪಲೇಬೇಕು. ವೃತ್ತಿಗೆ ಅದೇ ಬೇಕಾದವರು ದುಡ್ಡು ಕೊಟ್ಟು ಬಳಸಲಿ.

ಲಿನಕ್ಸ್‌ಗೆ ವೈರಸ್ ಬರುವುದಿಲ್ಲವಂತೆ, ನಿಜವೇ?

ಬರುವುದೇ ಇಲ್ಲ ಎನ್ನುವುದು ಸುಳ್ಳು. ಕಡಿಮೆ ಬರುತ್ತದೆ. ತಂತ್ರಾಂಶಗಳನ್ನು ಡಿಸ್ಟ್ರೋದವರ ಸಹಿ ಇರುವ ಭಂಡಾರದಿಂದಲೇ ಪಡೆಯುವ ಪದ್ಧತಿ ಇದಕ್ಕೆ ದೊಡ್ಡ ಕಾರಣ. ಎಲ್ಲಿಂದಲೋ ಸಿಕ್ಕ ಆಜ್ಞೆಯನ್ನು ಅರ್ಥವಾಗದೆ ಟರ್ಮಿನಲ್‌ಗೆ (ಆಜ್ಞೆ ಬರೆಯುವ ಕಿಟಕಿಗೆ) ಅಂಟಿಸಿದರೆ ಆ ರಕ್ಷಣೆ ಇರುವುದಿಲ್ಲ.

ಪಾವಗಡದ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಕಡತ ಕೆಡುತ್ತವೆಯೇ?

ಲಿನಕ್ಸ್‌ನ ಎಕ್ಸ್ಟ್4 ಕಡತ ವ್ಯವಸ್ಥೆ ಬದಲಾವಣೆಗಳ ದಿನಚರಿ ಇಡುತ್ತದೆ. ಥಟ್ಟನೆ ನಿಂತರೂ ಮತ್ತೆ ಶುರುವಾದಾಗ ತನ್ನ ರಚನೆಯನ್ನು ಸರಿಪಡಿಸಿಕೊಳ್ಳುತ್ತದೆ. ಆದರೆ ನೀವು ಉಳಿಸದ ಕೊನೆಯ ವಾಕ್ಯಗಳನ್ನು ಅದು ಕಾಪಾಡಲಾರದು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ.

## ಓದುವವರು, ಕಲಿಸುವವರು ಕೇಳುವುದು

ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಲಿನಕ್ಸ್ ಕಲಿತರೆ ಕೆಲಸ ಸಿಗುತ್ತದೆಯೇ?

ಲಿನಕ್ಸ್ ಒಂದರಿಂದಲೇ ಸಿಗುವುದಿಲ್ಲ, ಆದರೆ ಅದು ಗೊತ್ತಿಲ್ಲದೆ ಸರ್ವರ್, ಕ್ಲೌಡ್, ಎಂಬೆಡೆಡ್ ಯಾವ ಕಡೆಯೂ ಬಹಳ ದೂರ ಹೋಗಲಾಗದು. ಟರ್ಮಿನಲ್, ಮೂಲ ಸಂಕೇತದ ಬದಲಾವಣೆಗಳನ್ನು ದಾಖಲಿಸುವ ಗಿಟ್, ಒಂದು ಸಣ್ಣ ಸರ್ವರನ್ನು ಸ್ವತಃ ನಿಲ್ಲಿಸಿ ನಡೆಸುವುದು, ಇಷ್ಟು ಕಾಲೇಜು ಮುಗಿಯುವ ಮೊದಲೇ ಕೈಗೆ ಹತ್ತಲಿ.

ಗಿಟ್ ಹುಟ್ಟಿದ ಬಗೆ ಪ್ರತಿ ವಿದ್ಯಾರ್ಥಿಗೂ ಗೊತ್ತಿರಬೇಕು. ಲಿನಕ್ಸ್ ಕರ್ನಲ್ ಬರೆಯುವವರು ಇದೇ ಕೆಲಸಕ್ಕೆ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಶುಲ್ಕವಿಲ್ಲದೆ ಬಳಸುತ್ತಿದ್ದರು. 2005ರಲ್ಲಿ ಅದರ ಕಂಪನಿ ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಜಗತ್ತಿನ ಅತಿ ದೊಡ್ಡ ಮುಕ್ತ ಯೋಜನೆಯ ಕೆಲಸವೇ ನಿಲ್ಲುವ ಸ್ಥಿತಿ. ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಗಿಟ್‌ನ ಮೊದಲ ರೂಪ ಬರೆದರು. ಇನ್ನೊಬ್ಬರ ಔದಾರ್ಯದ ಮೇಲೆ ಬುನಾದಿ ಹಾಕಿದರೆ ಏನಾಗುತ್ತದೆ ಎಂಬುದನ್ನು ಯಾವ ಪಠ್ಯವೂ ಇಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ.

ನಮ್ಮ ಹಳ್ಳಿಯ ಶಾಲೆಗೆ ಹಳೆಯ ಕಂಪ್ಯೂಟರುಗಳು ದಾನ ಬಂದಿವೆ. ಲಿನಕ್ಸ್ ಹಾಕಿದರೆ ಮಕ್ಕಳಿಗೆ ಮುಂದೆ ತೊಂದರೆ ಆಗುವುದಿಲ್ಲವೇ?

ಪಕ್ಕದ ಕೇರಳವನ್ನು ನೋಡಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಬಹಳ ವರ್ಷಗಳಿಂದ ಮುಕ್ತ ತಂತ್ರಾಂಶದ ಮೇಲೇ ನಡೆಯುತ್ತಿದೆ. ಅದಕ್ಕೆಂದೇ ಕೈಟ್ ಎಂಬ ಸರ್ಕಾರಿ ಸಂಸ್ಥೆ ಲಿನಕ್ಸ್‌ನ ತನ್ನದೇ ಆವೃತ್ತಿ ಸಿದ್ಧಪಡಿಸುತ್ತದೆ. ಆ ಮಕ್ಕಳು ಬೆಂಗಳೂರಿಗೆ ಬಂದು ಕೆಲಸ ಮಾಡುತ್ತಲೇ ಇದ್ದಾರೆ. ಮಗು ಕಲಿಯಬೇಕಾದದ್ದು ಬರೆಯುವುದು, ಲೆಕ್ಕ ಮಾಡುವುದು, ಹುಡುಕುವುದು, ಯೋಚಿಸುವುದು. ಗುಂಡಿ ಯಾವ ಮೂಲೆಯಲ್ಲಿದೆ ಎಂಬುದು ಪ್ರತಿ ಆವೃತ್ತಿಗೂ ಬದಲಾಗುತ್ತದೆ. ಗಣಿತಕ್ಕೆ ಜಿಯೋಜೀಬ್ರಾ, ಚಿಕ್ಕ ಮಕ್ಕಳ ಆಟಪಾಠಕ್ಕೆ ಜಿಕಾಂಪ್ರಿ, ಬರೆಯಲು ಲಿಬ್ರೆಆಫೀಸ್ ಇಷ್ಟರಿಂದ ಶುರು ಮಾಡಿ.

ದೊಡ್ಡ ಅಡ್ಡಿ ಎಲ್ಲಿದೆ ಎಂದರೆ ಮೇಷ್ಟ್ರ ಸಮಯದಲ್ಲಿ. ಒಬ್ಬರೇ ನಾಲ್ಕು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಕಂಪ್ಯೂಟರ್ ಕೆಟ್ಟರೆ ಬೀಗ ಬೀಳುತ್ತದೆ. ದಾನ ಮಾಡಿದವರು ತಿಂಗಳಿಗೊಮ್ಮೆ ಬಂದು ನೋಡಿಕೊಳ್ಳುವ ಒಬ್ಬರನ್ನೂ ಗೊತ್ತುಮಾಡಿ ಕೊಡಲಿ.

ತಂತ್ರಾಂಶ ಬಿಟ್ಟಿ ಕೊಟ್ಟರೆ ಬರೆದವರ ಹೊಟ್ಟೆಪಾಡು?

ಬೆಂಬಲ, ತರಬೇತಿ, ಸರ್ವರ್ ನಿರ್ವಹಣೆ, ಬೇಡಿಕೆಯ ಮೇರೆಗೆ ಬದಲಾವಣೆ ಇವುಗಳಿಂದ ಸಂಪಾದನೆ ಇದೆ. 2019ರಲ್ಲಿ ಐಬಿಎಂ ರೆಡ್ ಹ್ಯಾಟನ್ನು ಸುಮಾರು 34 ಶತಕೋಟಿ ಡಾಲರಿಗೆ ಕೊಂಡಿತು. ಆದರೆ ಎಲ್ಲರೂ ಬಳಸುವ ಸಣ್ಣ ಸಣ್ಣ ಭಾಗಗಳನ್ನು ಒಬ್ಬೊಬ್ಬರೇ ಸಂಜೆಯ ಹೊತ್ತಿನಲ್ಲಿ ಕೂತು ಕಾಪಾಡುತ್ತಾರೆ. ಅವರಿಗೆ ಬಹುತೇಕ ಏನೂ ಸಿಗುವುದಿಲ್ಲ. ಬೆಂಗಳೂರಿನ ಜೆರೋಧಾ 2024ರಲ್ಲಿ ಇಂಥವರಿಗೆಂದು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿ ಘೋಷಿಸಿತು. ಇಂಥ ನಿಧಿಗಳು ಇನ್ನೂ ಬಹಳ ಬೇಕು. ನೀವು ದಿನಾ ಬಳಸುವ ಯಾವುದಾದರೂ ಒಂದು ಯೋಜನೆಗೆ ವರ್ಷಕ್ಕೊಮ್ಮೆ ಸ್ವಲ್ಪ ಹಣ ಕಳಿಸಿ.

## ಆಳಕ್ಕೆ ಇಳಿದವರು ಕೇಳುವುದು

ಮೂಲ ಸಂಕೇತ ಎಲ್ಲರಿಗೂ ಕಂಡರೆ ಕಳ್ಳರಿಗೂ ಕಾಣುತ್ತದೆ. ಇದು ಅಪಾಯವಲ್ಲವೇ?

ಕಾಣುತ್ತದೆ. ಆದರೆ ಮುಚ್ಚಿಟ್ಟ ಮಾತ್ರಕ್ಕೆ ಕಳ್ಳರು ಬರದೆ ಇರಲಿಲ್ಲ ಎಂಬುದಕ್ಕೆ 2017ರಲ್ಲಿ ವಿಂಡೋಸ್ ಯಂತ್ರಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದ ವನ್ನಾಕ್ರೈ ಸಾಕ್ಷಿ. ತೆರೆದಿಟ್ಟರೆ ಯಾರೋ ನೋಡಿಯೇ ನೋಡುತ್ತಾರೆ ಎಂಬ ಭರವಸೆಯೂ ಪೊಳ್ಳು. 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಅಂತರಜಾಲದ ಅರ್ಧಕ್ಕರ್ಧ ನಂಬಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತೀಕರಣ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ ಎಂದು ತಿಳಿಯಿತು.

2024ರ ಮಾರ್ಚಿನ ಎಕ್ಸ್‌ಝಡ್ ಪ್ರಕರಣವನ್ನು ಗಮನಿಸಿ. ಎಕ್ಸ್‌ಝಡ್ ಎಂದರೆ ಕಡತಗಳನ್ನು ಕುಗ್ಗಿಸುವ ಸಣ್ಣ ಮುಕ್ತ ತಂತ್ರಾಂಶ. ದಣಿದಿದ್ದ ಅದರ ನಿರ್ವಾಹಕರೊಬ್ಬರ ವಿಶ್ವಾಸವನ್ನು ಜಿಯಾ ಟಾನ್ ಎಂಬ ಹೆಸರಿನ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡುತ್ತಾ ಗಳಿಸಿದರು, ಕೊನೆಗೆ ಆ ತಂತ್ರಾಂಶದೊಳಗೆ ಹಿಂಬಾಗಿಲು ಇಟ್ಟರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ ಮೂಲಕ (ದೂರದಿಂದ ಯಂತ್ರದೊಳಗೆ ಹೋಗುವ ದಾರಿ) ಪ್ರವೇಶಕ್ಕೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಕಂಡು ಕೆದಕಿದರು. ಹೆಚ್ಚಿನ ಸರ್ವರುಗಳಿಗೆ ತಲುಪುವ ಮುನ್ನವೇ ಅದು ಸಿಕ್ಕಿಬಿತ್ತು. ಮುಚ್ಚಿದ ತಂತ್ರಾಂಶದಲ್ಲಿ ಹೊರಗಿನವರೊಬ್ಬರು ಹೀಗೆ ಬುಡದವರೆಗೆ ಕೆದಕಲು ದಾರಿಯೇ ಇರುತ್ತಿರಲಿಲ್ಲ. ತೆರೆದಿರುವುದು ಕೆದಕುವ ಅವಕಾಶ ಕೊಡುತ್ತದೆ. ಕೆದಕುವವರಿಗೆ ಸಂಬಳ ಕೊಡುವುದು ಇನ್ನೂ ನಮ್ಮ ಕೆಲಸವಾಗಿ ಉಳಿದಿದೆ.

ಜಿಪಿಎಲ್ ಒಳ್ಳೆಯದೋ, ಎಂಐಟಿ ಅಥವಾ ಬಿಎಸ್‌ಡಿ ಪರವಾನಗಿಯೋ?

ನಾನು ಜಿಪಿಎಲ್ ಪಕ್ಷ. ಲಿನಕ್ಸ್ ಕರ್ನಲ್ ಹಂಚಿಕೆಯಾಗುವುದು ಈ ಪರವಾನಗಿಯಲ್ಲೇ. ಎಂಐಟಿ, ಬಿಎಸ್‌ಡಿ ಪರವಾನಗಿಗಳು ತೆಗೆದುಕೊಂಡವರು ಮುಚ್ಚಿಟ್ಟು ಮಾರಲು ಬಿಡುತ್ತವೆ. ಫ್ರೀಬಿಎಸ್‌ಡಿಯ ಭಾಗಗಳು ಮ್ಯಾಕ್‌ಓಎಸ್‌ನಲ್ಲಿವೆ, ಪ್ಲೇಸ್ಟೇಷನ್ 4ರಲ್ಲಿವೆ, ಆದರೆ ಆ ಪೆಟ್ಟಿಗೆಯ ಮಾಲೀಕನಿಗೆ ಅದನ್ನು ಬದಲಿಸುವ ಹಕ್ಕಿಲ್ಲ. ಜಿಪಿಎಲ್ ಆ ಹಕ್ಕನ್ನು ಕೊನೆಯ ಬಳಕೆದಾರನವರೆಗೆ ದಾಟಿಸುತ್ತದೆ. 2003ರಲ್ಲಿ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರಿನೊಳಗೆ ಲಿನಕ್ಸ್ ಇರುವುದು ಪತ್ತೆಯಾಯಿತು. ಜಿಪಿಎಲ್ ಇದ್ದುದರಿಂದ ಕಂಪನಿ ಮೂಲ ಸಂಕೇತ ಬಿಡುಗಡೆ ಮಾಡಬೇಕಾಯಿತು. ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ತಯಾರಕರು ಕೈಬಿಟ್ಟ ಎಷ್ಟೋ ರೂಟರುಗಳು ಇಂದಿಗೂ ಭದ್ರತಾ ತಿದ್ದುಪಡಿ ಪಡೆಯುತ್ತಿರುವುದು ಅದರಿಂದಲೇ.

ಒಂದು ಮಾನಕವನ್ನು ಎಲ್ಲರೂ ಬಳಸಲಿ ಎಂಬ ಉದ್ದೇಶದ, ಬೇರೆ ತಂತ್ರಾಂಶಗಳು ಒಳಗೆ ಸೇರಿಸಿಕೊಳ್ಳುವ ಸಣ್ಣ ಸಂಕೇತ ಸಂಗ್ರಹಗಳಿಗೆ (ಲೈಬ್ರರಿ) ಮಾತ್ರ ಸಡಿಲ ಪರವಾನಗಿ ಸರಿ ಎಂದು ಒಪ್ಪುತ್ತೇನೆ.

ಕಂಪನಿಯೇ ಮನಸ್ಸು ಬದಲಿಸಿದರೆ ಮುಕ್ತ ತಂತ್ರಾಂಶವೂ ಕೈತಪ್ಪುವುದಿಲ್ಲವೇ?

ಹೊಸ ಆವೃತ್ತಿಗಳು ತಪ್ಪಬಹುದು. ಈಗಾಗಲೇ ಕೊಟ್ಟದ್ದನ್ನು ಕಿತ್ತುಕೊಳ್ಳಲಾಗದು. 2024ರ ಮಾರ್ಚಿನಲ್ಲಿ ರೆಡಿಸ್ ಎಂಬ ದತ್ತಾಂಶ ತಂತ್ರಾಂಶದ ಕಂಪನಿ ಪರವಾನಗಿ ಬದಲಿಸಿದಾಗ ಕೆಲವೇ ದಿನಗಳಲ್ಲಿ ಹಳೆಯ ಸಂಕೇತದಿಂದ ವಾಲ್ಕಿ ಕವಲೊಡೆಯಿತು. ಮರುವರ್ಷ ರೆಡಿಸ್ ಜಿಪಿಎಲ್ ಬಗೆಯದೇ ಆದ ಎಜಿಪಿಎಲ್ ಆಯ್ಕೆಯನ್ನೂ ಸೇರಿಸಿತು. 2020ರ ಡಿಸೆಂಬರಿನಲ್ಲಿ ಸರ್ವರುಗಳಲ್ಲಿ ಬಳಸುತ್ತಿದ್ದ ಸೆಂಟ್‌ಓಎಸ್ 8 ಎಂಬ ಡಿಸ್ಟ್ರೋದ ಆಯುಸ್ಸನ್ನು 2029ರಿಂದ 2021ಕ್ಕೆ ಇಳಿಸಿದಾಗ ರಾಕಿ ಮತ್ತು ಆಲ್ಮಾ ಲಿನಕ್ಸ್‌ಗಳು ಹುಟ್ಟಿದವು. ಇದಕ್ಕೇ ನಾನು ಸಂಸ್ಥೆಗಳ ಸರ್ವರಿಗೆ ಡೆಬಿಯನ್ ಹೇಳುವುದು: 1993ರಿಂದ ಅದು ಯಾವ ಒಂದು ಕಂಪನಿಯ ಸ್ವತ್ತೂ ಆಗಿಲ್ಲ, ನಿರ್ಧಾರಗಳು ಸದಸ್ಯರ ಮತದಿಂದ ಆಗುತ್ತವೆ.

ಸಿಸ್ಟಂಡಿ ಬಗ್ಗೆ ನಿಮ್ಮ ನಿಲುವು?

ಒಪ್ಪಿಕೊಂಡಿದ್ದೇನೆ. ಲಿನಕ್ಸ್ ಶುರುವಾಗುವಾಗ ಹಿನ್ನೆಲೆಯ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ತಂತ್ರಾಂಶ ಅದು. ಇದೇ ಕೆಲಸದ ಹಳೆಯ ಶೆಲ್ ಕಡತಗಳು (ಆಜ್ಞೆಗಳ ಪಟ್ಟಿಗಳು) ಪ್ರತಿ ಡಿಸ್ಟ್ರೋದಲ್ಲೂ ಬೇರೆ ರೀತಿ ಇದ್ದವು. ಈಗ ಒಮ್ಮೆ ಬರೆದರೆ ಎಲ್ಲ ಕಡೆ ನಡೆಯುತ್ತದೆ. ಅದು ತನ್ನ ಕೆಲಸದ ಮೇರೆ ದಾಟಿ ಹಬ್ಬುತ್ತಿದೆ ಎಂಬ ದೂರಿನಲ್ಲಿ ಹುರುಳಿದೆ. ಬೇಡವಾದವರಿಗೆ ಅದಿಲ್ಲದ ಡೆಬಿಯನ್ ಆದ ಡೆವುವಾನ್ ಇದೆ, ಫ್ರೀಬಿಎಸ್‌ಡಿಯಂಥ ಬಿಎಸ್‌ಡಿಗಳಿವೆ.

ಲಿನಕ್ಸ್‌ನಲ್ಲಿ ಒಂದು ಒತ್ತಕ್ಷರ ತಪ್ಪಾಗಿ ಕಾಣುತ್ತಿದೆ. ಇದನ್ನು ಯಾರಿಗೆ ಹೇಳುವುದು?

ಈ ಪ್ರಶ್ನೆ ಬಂದರೆ ನನಗೆ ಖುಷಿ, ಏಕೆಂದರೆ ಕನ್ನಡ ಓದಬಲ್ಲವರ ಹೊರತು ಇದನ್ನು ಬೇರೆ ಯಾರೂ ಗುರುತಿಸಲಾರರು. ತಪ್ಪು ನಾಲ್ಕು ಕಡೆ ಇರಬಹುದು: ಕೀಲಿಮಣೆ ಹಾಕಿದ ಸಂಕೇತ, ಫಾಂಟ್, ಅಕ್ಷರ ಜೋಡಿಸುವ ತಂತ್ರಾಂಶ, ಇಲ್ಲವೇ ನೀವು ಬಳಸುತ್ತಿರುವ ಅಪ್ಲಿಕೇಷನ್.

ಮೊದಲು ಅದೇ ಪದವನ್ನು ಇನ್ನೊಂದು ಫಾಂಟಿನಲ್ಲಿ ನೋಡಿ. ಸರಿಯಾದರೆ ದೋಷ ಫಾಂಟಿನದು. ಎಲ್ಲ ಫಾಂಟಿನಲ್ಲೂ ತಪ್ಪಿದ್ದರೆ ಫೈರ್‌ಫಾಕ್ಸ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ತೆರೆದು ನೋಡಿ. ಈ ಎರಡಕ್ಕೂ ಆಂಡ್ರಾಯ್ಡ್ ಫೋನಿಗೂ ಕನ್ನಡ ಜೋಡಿಸಿ ಕೊಡುವುದು ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ತಂತ್ರಾಂಶ. ಎರಡರಲ್ಲೂ ಒಂದೇ ತಪ್ಪು ಕಂಡರೆ ಬೆರಳು ಅದರ ಕಡೆಗೆ ಅಥವಾ ಬರೆದ ಸಂಕೇತದ ಕಡೆಗೆ ತೋರುತ್ತದೆ. ಒಂದರಲ್ಲಿ ಮಾತ್ರ ತಪ್ಪಿದ್ದರೆ ಆ ಅಪ್ಲಿಕೇಷನ್ನಿನ ದೋಷ.

ಬರೆದ ಸಂಕೇತದ ತಪ್ಪಿಗೆ ಒಳ್ಳೆಯ ಉದಾಹರಣೆ ರಕಾರದ್ದು. ರ, ಹಲಂತ, ಯ ಬರೆದರೆ 'ಕಾರ್ಯ'ದಲ್ಲಿರುವಂತೆ ಅರ್ಕಾವತ್ತು ಬರುತ್ತದೆ, ಅದು ಸರಿಯೇ. 'ರ‍್ಯಾಂಕ್' ಎಂದು ರಕಾರವನ್ನು ಪೂರ್ತಿಯಾಗಿ ಉಳಿಸಿ ಯಕಾರದ ಒತ್ತು ಕೊಡಬೇಕಾದರೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಶೂನ್ಯಗಲದ ಜೋಡಕ ಹಾಕಬೇಕು. 'ರಾಜ್‌ಕುಮಾರ್' ಎಂಬಲ್ಲಿ ಜಕಾರಕ್ಕೆ ಕಕಾರದ ಒತ್ತು ಬೀಳದಂತೆ ತಡೆಯಲು ಹಲಂತದ ನಂತರ ಶೂನ್ಯಗಲದ ವಿಯೋಜಕ ಬೇಕು. ಕಗಪ ಆಗಲಿ ಇನ್‌ಸ್ಕ್ರಿಪ್ಟ್ ಆಗಲಿ, ನಿಮ್ಮ ವಿನ್ಯಾಸದಲ್ಲಿ ಈ ಎರಡು ಕೀಲಿಗಳು ಎಲ್ಲಿವೆ ಎಂದು ಒಮ್ಮೆ ನೋಡಿಟ್ಟುಕೊಳ್ಳಿ.

ದೋಷ ವರದಿ ಬರೆಯುವಾಗ ತಪ್ಪಿರುವ ಪದವನ್ನು ಪಠ್ಯವಾಗಿಯೇ ಕೊಡಿ, ಪಕ್ಕದಲ್ಲಿ ಪರದೆಯ ಚಿತ್ರ ಇಡಿ, ಸರಿಯಾದ ರೂಪವನ್ನು ಮುದ್ರಿತ ಪುಸ್ತಕವೊಂದರಿಂದ ಚಿತ್ರ ತೆಗೆದು ಸೇರಿಸಿ. ಫಾಂಟಿನ ಹೆಸರು, ಅಪ್ಲಿಕೇಷನ್ನಿನ ಆವೃತ್ತಿ, ಡಿಸ್ಟ್ರೋದ ಹೆಸರು ಬರೆಯಿರಿ. ಸರಿಪಡಿಸುವವರಿಗೆ ಕನ್ನಡ ಬರುವುದಿಲ್ಲ ಎಂದುಕೊಂಡೇ ವಿವರಿಸಿ. ಲಿಬ್ರೆಆಫೀಸ್, ಹಾರ್ಫ್‌ಬಜ್, ನೋಟೋ ಮೂರಕ್ಕೂ ಪ್ರತ್ಯೇಕ ದೂರು ಪುಟಗಳಿವೆ. ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಕೆಯಾದರೆ ಇಂಗ್ಲಿಷ್ ಬಲ್ಲ ಕಾಲೇಜು ಹುಡುಗರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಅವರಿಗೂ ಮುಕ್ತ ತಂತ್ರಾಂಶಕ್ಕೆ ಕೊಟ್ಟ ಮೊದಲ ಕೊಡುಗೆ ಅದೇ ಆಗಬಹುದು.